ಗುರುತು ಹಾಕುವ ಕಿಣ್ವದ ಮೇಲೂ ಗುರುತು

ಕ್ರೊಮ್ಯಾಟಿನ್, ಅಂದರೆ ಕೋಶಕೇಂದ್ರದಲ್ಲಿ ಪ್ರೋಟೀನುಗಳ ಜೊತೆ ಸುತ್ತಿಕೊಂಡಿರುವ ಡಿಎನ್‌ಎ, ಇದರ ಪಾಠ ಮಾಡುವಾಗ ಪ್ರತಿ ವರ್ಷವೂ ನಾನು ಬೋರ್ಡಿನ ಮೇಲೆ ಬಿಡಿಸುವ ಚಿತ್ರವೊಂದಿದೆ. ಎಡಕ್ಕೆ ಬಿಗಿಯಾಗಿ ಒತ್ತಿಕೊಂಡ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಡಿಎನ್‌ಎ ಸುತ್ತಿದ ಉಂಡೆಗಳಾದ ನ್ಯೂಕ್ಲಿಯೋಸೋಮ್‌ಗಳು, ಬಲಕ್ಕೆ ಸಡಿಲಗೊಂಡು ದೂರ ಸರಿದ ನ್ಯೂಕ್ಲಿಯೋಸೋಮ್‌ಗಳು, ನಡುವೆ ಎದುರುಬದುರಾದ ಎರಡು ಬಾಣಗಳು. ಒಂದು ಬಾಣದ ಮೇಲೆ ಅಸಿಟೈಲ್ ಟ್ರಾನ್ಸ್‌ಫರೇಸ್ ಎಂದು ಬರೆಯುತ್ತೇನೆ, ಇನ್ನೊಂದರ ಮೇಲೆ ಡಿಅಸಿಟೈಲೇಸ್ ಎಂದು. ಮೊದಲನೆಯದು ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಹಾಕುವ ಕಿಣ್ವ, ಎರಡನೆಯದು ಅದನ್ನು ಕೀಳುವ ಕಿಣ್ವ. ಹಿಸ್ಟೋನಿನ ಬಾಲದಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಅಸಿಟೈಲ್ ಗುಂಪು ಸೇರಿದರೆ ಅದರ ಧನಾವೇಶ ಇಲ್ಲವಾಗುತ್ತದೆ, ಋಣಾವೇಶದ ಡಿಎನ್‌ಎ ಮೇಲಿನ ಹಿಡಿತ ಸಡಿಲುತ್ತದೆ, ಜೀನ್ ಓದಲು ಸಿಗುತ್ತದೆ. ಗುಂಪನ್ನು ಕಿತ್ತರೆ ಎಲ್ಲ ಮೊದಲಿನಂತೆ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳುವ ಪ್ರಶ್ನೆ ಇದು, ವಿದ್ಯಾರ್ಥಿಗಳು ಚೆನ್ನಾಗಿಯೇ ಬರೆಯುತ್ತಾರೆ. ಚಿತ್ರ ಸುಳ್ಳೂ ಅಲ್ಲ. ಆದರೂ ಅದನ್ನು ಬಿಡಿಸಿ ಮುಗಿಸಿದಾಗಲೆಲ್ಲ ಒಂದು ಕೊರತೆ ಮನಸ್ಸನ್ನು ಕೊರೆಯುತ್ತದೆ. ಬಾಣಗಳ ಮೇಲೆ ಹೆಸರಾಗಿ ಮಾತ್ರ ನಿಂತಿರುವ ಆ ಕಿಣ್ವಗಳು ಈ ವ್ಯವಹಾರದಿಂದ ಹೊರಗೆ ಇದ್ದಂತೆ, ತಮಗೆ ಏನೂ ಆಗದೆ ಬರೀ ಇತರರಿಗೆ ಏನೋ ಮಾಡುವಂತೆ ಕಾಣುತ್ತವೆ. ಅವೂ ಪ್ರೋಟೀನುಗಳೇ ಅಲ್ಲವೇ? ಅವುಗಳಲ್ಲೂ ಲೈಸೀನ್‌ಗಳಿವೆ, ಅವೂ ಅದೇ ಕೋಶಕೇಂದ್ರದಲ್ಲಿ, ಅಸಿಟೈಲ್ ಗುಂಪನ್ನು ಒದಗಿಸುವ ಅದೇ ಅಸಿಟೈಲ್ ಕೋಎನ್‌ಜೈಮ್ ಎ ನಡುವೆ ಇವೆ.

ಎಂ.ಎಸ್ಸಿ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಹೆಚ್ಚು ಮಾತನಾಡದ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, "ಮೇಡಂ, ಅಸಿಟೈಲ್ ಕೀಳುವ ಕಿಣ್ವಕ್ಕೇ ಯಾರಾದರೂ ಅಸಿಟೈಲ್ ಹಾಕಿದರೆ ಅದು ಇನ್ನೂ ಜೋರಾಗಿ ಕೆಲಸ ಮಾಡುತ್ತದೋ, ಅಥವಾ ನಿಂತುಬಿಡುತ್ತದೋ?" ಎಂದು ಕೇಳಿದ. ಬೋರ್ಡಿನ ಚಿತ್ರದಿಂದ ಈ ಪ್ರಶ್ನೆಗೆ ಉತ್ತರ ಹುಟ್ಟುವುದಿಲ್ಲ. ಅಸಿಟೈಲ್ ಎಂದರೆ 'ಚಾಲೂ', ಅದಿಲ್ಲದಿದ್ದರೆ 'ಬಂದ್' ಎಂಬ ಸಮೀಕರಣವನ್ನು ಹಿಸ್ಟೋನಿನಿಂದ ಕಲಿತು ಕಿಣ್ವಗಳಿಗೆ ಹೊಂದಿಸಲು ಹೋದರೆ ಅದು ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಆ ಹುಡುಗನಿಗೆ ಅಂದು ತರಗತಿಯ ಉಳಿದ ಹತ್ತು ನಿಮಿಷದಲ್ಲಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಫಿಲ್ಮಿನ ಮೇಲಂಚಿನ ಕಪ್ಪು ಪಟ್ಟಿ

ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನಾವು ಈ ಕಿಣ್ವಗಳ ಚಟುವಟಿಕೆಯನ್ನು ವಿಕಿರಣಶೀಲ ಟ್ರಿಟಿಯಮ್ ಸೇರಿಸಿದ ಅಸಿಟೈಲ್ ಕೋಎನ್‌ಜೈಮ್ ಎ ಬಳಸಿ ಅಳೆಯುತ್ತಿದ್ದೆವು. ಹಿಸ್ಟೋನ್, ಕಿಣ್ವ, ಟ್ರಿಟಿಯಮ್ಮಿನ ಅಸಿಟೈಲ್ ಮೂಲ, ಇಷ್ಟನ್ನೂ ಸಣ್ಣ ಟ್ಯೂಬಿನಲ್ಲಿ ಬೆರೆಸಿ, ಕ್ರಿಯೆ ಮುಗಿದ ಮೇಲೆ ಜೆಲ್ಲಿನಲ್ಲಿ ಓಡಿಸಿ, ಜೆಲ್ಲನ್ನು ಬೆಳಕು ಹೊಮ್ಮಿಸುವ ರಾಸಾಯನಿಕದಲ್ಲಿ ನೆನೆಸಿ, ಒಣಗಿಸಿ, ಎಕ್ಸ್‌ರೇ ಫಿಲ್ಮಿನ ಜೊತೆ ಕ್ಯಾಸೆಟ್ಟಿನಲ್ಲಿಟ್ಟು ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹಾಕುವುದು. ಟ್ರಿಟಿಯಮ್ಮಿನ ಕಿರಣ ಬಹಳ ದುರ್ಬಲ. ಆದ್ದರಿಂದ ಫಿಲ್ಮಿನ ಮೇಲೆ ಏನಾದರೂ ಮೂಡಬೇಕಾದರೆ ದಿನಗಟ್ಟಲೆ ಕಾಯಬೇಕು. ಕತ್ತಲೆ ಕೋಣೆಯ ಕೆಂಪು ದೀಪದಡಿ ಡೆವಲಪರ್ ದ್ರಾವಣದಲ್ಲಿ ಫಿಲ್ಮನ್ನು ಅಲುಗಿಸುತ್ತಿದ್ದರೆ ಮೊದಲು ಕೆಳಭಾಗದಲ್ಲಿ ಹಿಸ್ಟೋನುಗಳ ಪಟ್ಟಿಗಳು ಕಾಣಿಸಿಕೊಳ್ಳುತ್ತಿದ್ದವು. ಅವು ಸಣ್ಣ ಪ್ರೋಟೀನುಗಳು, 11ರಿಂದ 15 ಕಿಲೋಡಾಲ್ಟನ್ ತೂಕದವು, ಜೆಲ್ಲಿನ ತಳದವರೆಗೆ ಓಡಿಬಿಡುತ್ತವೆ. ನಾವು ನೋಡಬೇಕೆಂದು ಕಾದಿರುತ್ತಿದ್ದದ್ದು ಅವನ್ನೇ. ಆದರೆ ಪಿ300 ಎಂಬ, ಅಸಿಟೈಲ್ ಹಾಕುವ ಕಿಣ್ವ ಬಳಸಿದಾಗಲೆಲ್ಲ ಫಿಲ್ಮಿನ ಮೇಲಂಚಿನಲ್ಲಿ, ಜೆಲ್ಲಿನೊಳಗೆ ಸರಿಯಾಗಿ ಇಳಿಯಲೂ ಆಗದಷ್ಟು ದೊಡ್ಡ ಪ್ರೋಟೀನುಗಳು ನಿಲ್ಲುವ ಜಾಗದಲ್ಲಿ, ಇನ್ನೊಂದು ಕಪ್ಪು ಪಟ್ಟಿ ಇದ್ದೇ ಇರುತ್ತಿತ್ತು. ಅದು 2414 ಅಮೈನೋ ಆಮ್ಲಗಳ ಪಿ300. ಹಿಸ್ಟೋನಿಗೆ ಗುರುತು ಹಾಕುತ್ತಲೇ ಅದು ತನಗೂ ಗುರುತು ಹಾಕಿಕೊಂಡಿತ್ತು.

ಲ್ಯಾಬಿನ ಹಿರಿಯರು ಅದನ್ನು ತೋರಿಸಿ, ಕಿಣ್ವ ಜೀವಂತವಾಗಿದೆ ಎನ್ನುವುದಕ್ಕೆ ಇದು ಸಾಕ್ಷಿ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಪ್ರಬಂಧಕ್ಕೆ ಚಿತ್ರ ತಯಾರಿಸುವಾಗ ಫಿಲ್ಮಿನ ಆ ಭಾಗವನ್ನು ಎಷ್ಟೋ ಸಲ ಕತ್ತರಿಸಿಬಿಡುತ್ತಿದ್ದೆವು, ಏಕೆಂದರೆ ನಮ್ಮ ಪ್ರಶ್ನೆ ಹಿಸ್ಟೋನಿನ ಬಗ್ಗೆ ಇತ್ತು. ನಾವು ಮಾತ್ರವಲ್ಲ, ಇಡೀ ಕ್ಷೇತ್ರವೇ ಬಹುಕಾಲ ಹಾಗೆ ನೋಡಿದೆ. 1964ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರೀ ಮತ್ತು ಸಂಗಡಿಗರು ಹಿಸ್ಟೋನ್ ಅಸಿಟೈಲೀಕರಣಕ್ಕೂ ಆರ್‌ಎನ್‌ಎ ತಯಾರಿಕೆಗೂ ನಂಟಿರಬಹುದು ಎಂದು ಸೂಚಿಸಿದರು. ಅದಾದ ಮೂರು ದಶಕಗಳ ಬಳಿಕ, 1996ರಲ್ಲಿ, ಡೇವಿಡ್ ಆಲಿಸ್ ಅವರ ಗುಂಪು ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಿಂದ ಅಸಿಟೈಲ್ ಹಾಕುವ ಕಿಣ್ವವನ್ನು ಬೇರ್ಪಡಿಸಿ, ಅದು ಯೀಸ್ಟಿನ ಜಿಸಿಎನ್5 ಎಂಬ ಆಗಲೇ ಗೊತ್ತಿದ್ದ ಜೀನ್ ನಿಯಂತ್ರಕದ ಸಂಬಂಧಿ ಎಂದು ತೋರಿಸಿತು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ಅವರ ಗುಂಪು ಟ್ರ್ಯಾಪಾಕ್ಸಿನ್ ಎಂಬ ಅಣುವನ್ನು ಗಾಳವಾಗಿ ಬಳಸಿ ಅಸಿಟೈಲ್ ಕೀಳುವ ಎಚ್‌ಡ್ಯಾಕ್1 ಅನ್ನು ಹಿಡಿಯಿತು. ಹಾಕುವುದು, ಕೀಳುವುದು ಎರಡೂ ಕೈಗೆ ಸಿಕ್ಕ ಆ ವರ್ಷದ ಸಂಭ್ರಮದಲ್ಲಿ ಕಣ್ಣುಗಳೆಲ್ಲ ಹಿಸ್ಟೋನಿನ ಬಾಲದ ಮೇಲೆ ನೆಟ್ಟದ್ದು ಸಹಜ. ಮರುವರ್ಷವೇ ವೀ ಗು ಮತ್ತು ರಾಬರ್ಟ್ ರೋಡರ್ ಅವರು ಪಿ300 ಕಿಣ್ವವು ಹಿಸ್ಟೋನಲ್ಲದ, ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿಗೂ ಅಸಿಟೈಲ್ ಹಾಕುತ್ತದೆ ಎಂದು ತೋರಿಸಿ ಬಾಗಿಲು ತೆರೆದರು.

ಮೇಲಂಚಿನ ಪಟ್ಟಿಯ ಅರ್ಥ ಸ್ಪಷ್ಟವಾದದ್ದು 2004ರಲ್ಲಿ, ಫಿಲಿಪ್ ಕೋಲ್ ಅವರ ಪ್ರಯೋಗಾಲಯದ ಕೆಲಸದಿಂದ. ಪಿ300ರ ವೇಗವರ್ಧಕ ಭಾಗದಲ್ಲಿ ಲೈಸೀನ್‌ಗಳು ದಟ್ಟವಾಗಿರುವ ಒಂದು ಸಡಿಲ ಕುಣಿಕೆ ಇದೆ. ಧನಾವೇಶ ತುಂಬಿದ ಈ ಕುಣಿಕೆ ಕಿಣ್ವದ ಕ್ರಿಯಾಸ್ಥಾನಕ್ಕೆ ಅಗುಳಿ ಹಾಕಿದಂತೆ ಅಡ್ಡ ಕುಳಿತು, ಹಿಸ್ಟೋನ್ ಒಳಗೆ ಬರದಂತೆ ತಡೆಯುತ್ತದೆ. ಕುಣಿಕೆಯ ಲೈಸೀನ್‌ಗಳಿಗೆ ಒಂದರ ಮೇಲೊಂದು ಅಸಿಟೈಲ್ ಸೇರಿದಾಗ ಅವುಗಳ ಧನಾವೇಶ ಕರಗಿ, ಕುಣಿಕೆ ಜಾಗ ಬಿಡುತ್ತದೆ, ಕಿಣ್ವ ಚುರುಕಾಗುತ್ತದೆ. ಈ ಗುರುತನ್ನು ಪಿ300 ತನ್ನ ಕುಣಿಕೆಗೆ ತಾನೇ ಹಾಕಿಕೊಳ್ಳುವುದಲ್ಲ. ಒಂದು ಪಿ300 ಅಣು ಪಕ್ಕದ ಇನ್ನೊಂದು ಪಿ300 ಅಣುವಿಗೆ ಹಾಕುತ್ತದೆ. ಈ ಸಣ್ಣ ವಿವರದಲ್ಲಿ ದೊಡ್ಡ ನಿಯಂತ್ರಣ ಅಡಗಿದೆ. ಕೋಶಕೇಂದ್ರದಲ್ಲಿ ಚದುರಿ ಬಿದ್ದಿರುವ ಪಿ300ಗಳು ಪರಸ್ಪರ ಭೇಟಿಯಾಗುವುದು ಕಡಿಮೆ, ಆದ್ದರಿಂದ ಅವು ಸಾಮಾನ್ಯವಾಗಿ ಮಂದವಾಗಿಯೇ ಇರುತ್ತವೆ. ವೈರಸ್ ಸೋಂಕಿನ ಸುಳಿವು ಸಿಕ್ಕಿತೆನ್ನಿ. ಆಗ ಐಆರ್‌ಎಫ್3 ಎಂಬ ಪ್ರೋಟೀನ್ ಫಾಸ್ಫೇಟ್ ಪಡೆದು ಜೋಡಿಯಾಗುತ್ತದೆ, ಆ ಜೋಡಿ ಎರಡು ಪಿ300 ಅಣುಗಳನ್ನು ಒಂದೆಡೆ ಎಳೆದು ತರುತ್ತದೆ, ಅವು ಒಂದರ ಕುಣಿಕೆಗೆ ಇನ್ನೊಂದು ಅಸಿಟೈಲ್ ಹಾಕಿ ಎಚ್ಚರಗೊಳ್ಳುತ್ತವೆ. 2018ರಲ್ಲಿ ಪ್ರಕಟವಾದ ಈ ಕೆಲಸವನ್ನು ಓದಿದಾಗ ಆದ ಸಂತೋಷ ದೊಡ್ಡದು. ಕಿಣ್ವ ಎಚ್ಚರಗೊಳ್ಳುವುದು ಎಲ್ಲಿ ಬೇಕೋ ಅಲ್ಲಿ, ಯಾವ ಜೀನಿನ ಬಳಿ ಕರೆ ಬಂದಿದೆಯೋ ಅದರ ಬಳಿ. ಅಲ್ಲದೆ ಈ ಎಚ್ಚರ ಶಾಶ್ವತವೂ ಅಲ್ಲ: ಸರ್ಟ್2 ಎಂಬ ಡಿಅಸಿಟೈಲೇಸ್ ಆ ಕುಣಿಕೆಯಿಂದ ಅಸಿಟೈಲ್‌ಗಳನ್ನು ಕಿತ್ತು ಪಿ300 ಅನ್ನು ಮತ್ತೆ ಮೊದಲಿನ ಸ್ಥಿತಿಗೆ ತರಬಲ್ಲದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಸಿಟೈಲ್ ಎಂದರೆ ಚಾಲೂ ಎಂಬ ಹಳೆಯ ಸಮೀಕರಣ ಉಳಿದುಕೊಳ್ಳುತ್ತಿತ್ತು. ಆದರೆ ಜೀವಕೋಶದ ಹೊರಗೆ, ಶುದ್ಧೀಕರಿಸಿದ ಘಟಕಗಳಿಂದ ನಡೆಸಿದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತು: ತನ್ನ ಮೇಲೆ ಅಸಿಟೈಲ್ ಹೊತ್ತ ಪಿ300 ಜೀನಿನ ಆರಂಭ ಸ್ಥಾನವನ್ನು ಬಿಟ್ಟು ಹೊರಡುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಪ್ರತಿಲೇಖನ ಯಂತ್ರದ (ಜೀನನ್ನು ಓದಿ ಆರ್‌ಎನ್‌ಎ ತಯಾರಿಸುವ ಪ್ರೋಟೀನುಗಳ) ಮುಂದಿನ ಭಾಗಗಳು ಬಂದು ಕೂರುತ್ತವೆ. ಒಂದೇ ಬದಲಾವಣೆ ಕಿಣ್ವವನ್ನು ಚುರುಕಾಗಿಸುತ್ತದೆ, ಅದನ್ನು ಅಲ್ಲಿಂದ ಕಳಿಸಿಯೂ ಕೊಡುತ್ತದೆ.

ಒಂದೇ ಗುರುತು, ಬೇರೆ ಬೇರೆ ಫಲ

ಹುಡುಗನ ಪ್ರಶ್ನೆಗೆ ನೇರ ಉತ್ತರ 2006ರ ಒಂದು ಪ್ರಬಂಧದಲ್ಲಿದೆ. ಗೋರ್ಡನ್ ಹೇಗರ್ ಅವರ ಗುಂಪು ಸ್ಟೀರಾಯ್ಡ್ ಹಾರ್ಮೋನಿಗೆ ಸ್ಪಂದಿಸುವ ಜೀನೊಂದನ್ನು ಅಭ್ಯಾಸ ಮಾಡುತ್ತಿದ್ದಾಗ, ಎಚ್‌ಡ್ಯಾಕ್1ರ ಆರು ಲೈಸೀನ್‌ಗಳಿಗೆ ಪಿ300 ಅಸಿಟೈಲ್ ಹಾಕುತ್ತದೆಂದೂ ಹಾಗೆ ಗುರುತಾದ ಎಚ್‌ಡ್ಯಾಕ್1 ಅಸಿಟೈಲ್ ಕೀಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಂದೂ ಕಂಡುಕೊಂಡಿತು. ಅಂದರೆ ಪಿ300 ಹಿಸ್ಟೋನಿಗೆ ಅಸಿಟೈಲ್ ಹಾಕುವುದಷ್ಟೇ ಅಲ್ಲ, ಅದನ್ನು ಕೀಳಲು ಬರುವ ಕಿಣ್ವದ ಕೈಯನ್ನೂ ಕಟ್ಟುತ್ತದೆ. ಎಚ್‌ಡ್ಯಾಕ್1ಕ್ಕೆ ತುಂಬ ಹತ್ತಿರದ ಸಂಬಂಧಿಯಾದ ಎಚ್‌ಡ್ಯಾಕ್2ಕ್ಕೆ ಪಿ300 ಹೀಗೆ ಗುರುತು ಹಾಕಲಾರದು. ಆದರೆ ಎರಡೂ ಒಂದೇ ಸಂಕೀರ್ಣದಲ್ಲಿ ಜೋಡಿಯಾಗಿ ಇರುವುದರಿಂದ, ಅಸಿಟೈಲ್ ಹೊತ್ತ ಎಚ್‌ಡ್ಯಾಕ್1 ತನ್ನ ಜೊತೆಗಾರ ಎಚ್‌ಡ್ಯಾಕ್2ರ ಕೆಲಸವನ್ನೂ ಕುಗ್ಗಿಸುತ್ತದೆ ಎಂದು ಮುಂದೆ ತಿಳಿಯಿತು. ಬೋರ್ಡಿನ ಮೇಲೆ ಸಮಬಲದವಾಗಿ ಎದುರುಬದುರು ನಿಂತ ಎರಡು ಬಾಣಗಳು ವಾಸ್ತವದಲ್ಲಿ ಒಂದನ್ನೊಂದು ಬಗ್ಗಿಸುತ್ತಿವೆ.

ಇದಕ್ಕಿಂತಲೂ ನನಗೆ ಆಪ್ತವಾದ ಉದಾಹರಣೆ ಸುವ್39ಎಚ್1 ಕಿಣ್ವದ್ದು. ಇದು ಅಸಿಟೈಲ್ ಗೊಡವೆಗೇ ಹೋಗದ ಕಿಣ್ವ. ಹಿಸ್ಟೋನ್ ಎಚ್3ರ ಒಂಬತ್ತನೆಯ ಲೈಸೀನಿಗೆ ಮೀಥೈಲ್ ಗುಂಪುಗಳನ್ನು ಸೇರಿಸಿ, ಜೀನುಗಳನ್ನು ಮೌನವಾಗಿಡುವ ಗಟ್ಟಿ ಕ್ರೊಮ್ಯಾಟಿನ್ ಕಟ್ಟುವುದು ಅದರ ಕೆಲಸ. ಅದರ ಕ್ರಿಯಾಭಾಗದಲ್ಲೇ 266ನೆಯ ಸ್ಥಾನದಲ್ಲಿ ಒಂದು ಲೈಸೀನ್ ಇದೆ. ಅಲ್ಲಿ ಅಸಿಟೈಲ್ ಇದ್ದರೆ ಕಿಣ್ವ ಮಂದ. ಸರ್ಟ್2ರ ಕುಟುಂಬದ ಡಿಅಸಿಟೈಲೇಸ್ ಆದ ಸರ್ಟ್1 ಬಂದು ಅದನ್ನು ಕಿತ್ತರೆ ಚುರುಕು. 2007ರಲ್ಲಿ ಡ್ಯಾನಿ ರೀನ್‌ಬರ್ಗ್ ಅವರ ಗುಂಪಿನಿಂದ ಬಂದ ಕೆಲಸ ಇದು. ಸರ್ಟ್1 ಇಲ್ಲಿ ಎರಡು ಕಡೆ ಒಂದೇ ದಿಕ್ಕಿಗೆ ದುಡಿಯುತ್ತದೆ. ಹಿಸ್ಟೋನಿನ ಒಂಬತ್ತನೆಯ ಲೈಸೀನಿನಿಂದ ಅಸಿಟೈಲ್ ತೆಗೆದು ಮೀಥೈಲಿಗೆ ಜಾಗ ಮಾಡಿಕೊಡುತ್ತದೆ, ಮೀಥೈಲ್ ಹಾಕಬೇಕಾದ ಕಿಣ್ವವನ್ನೂ ಎಚ್ಚರಿಸುತ್ತದೆ. ಸರ್ಟ್ ಕುಟುಂಬದ ಕಿಣ್ವಗಳಿಗೆ ಕೆಲಸ ಮಾಡಲು ಕೋಶದ ಸಹಾಯಕ ಅಣುವಾದ ಎನ್‌ಎಡಿ ಬೇಕು ಎಂಬುದನ್ನು 2000ದಲ್ಲಿ ಶಿನ್-ಇಚಿರೋ ಇಮಾಯ್, ಲಿಯೋನಾರ್ಡ್ ಗ್ಯಾರೆಂಟೆ ಮುಂತಾದವರು ಅದೇ ಕುಟುಂಬದ, ಯೀಸ್ಟಿನ ಸಿರ್2 ಪ್ರೋಟೀನಿನಲ್ಲಿ ತೋರಿಸಿದ್ದರು. ಅಸಿಟೈಲ್ ಹಾಕಲು ಅಸಿಟೈಲ್ ಕೋಎನ್‌ಜೈಮ್ ಎ ಬೇಕು, ಅದು ಆಹಾರ ಉರಿಯುವ ದಾರಿಯಲ್ಲಿ ಹುಟ್ಟುವ ವಸ್ತು. ಸರ್ಟ್‌ಗಳು ಕೀಳಬೇಕಾದರೆ ಎನ್‌ಎಡಿ ಬೇಕು, ಅದೂ ಅದೇ ಚಯಾಪಚಯದ ವಸ್ತು. ಹೀಗಿರುವಾಗ ಕಿಣ್ವದ ಮೇಲಿನ ಅಸಿಟೈಲ್ ಗುರುತು ಕೋಶದ ಪೋಷಣೆಯ ಸ್ಥಿತಿಯನ್ನು ಕ್ರೊಮ್ಯಾಟಿನ್‌ವರೆಗೆ ಮುಟ್ಟಿಸುವ ಒಂದು ದಾರಿ ಎಂದು ನೋಡುವುದು ನನಗೆ ಸರಿಯೆನಿಸುತ್ತದೆ.

ನ್ಯೂಕ್ಲಿಯೋಸೋಮ್‌ಗಳನ್ನು ಜರುಗಿಸುವ ಎಸ್‌ಡಬ್ಲ್ಯುಐ-ಎಸ್‌ಎನ್‌ಎಫ್ ಸಂಕೀರ್ಣದ ಕಥೆಯನ್ನು ಬಿಡುವಂತಿಲ್ಲ. ಯೀಸ್ಟಿನಲ್ಲಿ ಜಿಸಿಎನ್5 ಹಿಸ್ಟೋನಿಗೆ ಅಸಿಟೈಲ್ ಹಾಕಿದಾಗ, ಈ ಸಂಕೀರ್ಣದ ಸ್ನಫ್2 ಪ್ರೋಟೀನಿನಲ್ಲಿರುವ ಬ್ರೋಮೊಡೊಮೈನ್ ಎಂಬ ಭಾಗ ಆ ಅಸಿಟೈಲ್ ಲೈಸೀನನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ. ಸಂಕೀರ್ಣ ಜೀನಿನ ಬಳಿ ನೆಲೆ ನಿಲ್ಲುವುದು ಹಾಗೆ. ಜೆರ್ರಿ ವರ್ಕ್‌ಮನ್ ಅವರ ಗುಂಪು 2010ರಲ್ಲಿ ತೋರಿಸಿದ್ದು ಏನೆಂದರೆ, ಅದೇ ಜಿಸಿಎನ್5 ಸ್ನಫ್2ಕ್ಕೂ ಅಸಿಟೈಲ್ ಹಾಕುತ್ತದೆ. ಆಗ ಸ್ನಫ್2ರ ಬ್ರೋಮೊಡೊಮೈನ್ ಹಿಸ್ಟೋನನ್ನು ಬಿಟ್ಟು ತನ್ನದೇ ಮೈಮೇಲಿನ ಅಸಿಟೈಲ್ ಲೈಸೀನನ್ನು ಹಿಡಿದುಕೊಳ್ಳುತ್ತದೆ, ಸಂಕೀರ್ಣ ಕ್ರೊಮ್ಯಾಟಿನ್‌ನಿಂದ ಕಳಚಿಕೊಳ್ಳುತ್ತದೆ. ಕರೆದು ಕೂರಿಸುವ ಕಿಣ್ವವೇ ಬಿಡುಗಡೆಯನ್ನೂ ಮಾಡುತ್ತದೆ. ಇಲ್ಲಿ ವಿದ್ಯುದಾವೇಶದ ಲೆಕ್ಕಕ್ಕಿಂತ, ಆ ಗುರುತನ್ನು ಯಾರು ಓದುತ್ತಿದ್ದಾರೆ ಎಂಬುದೇ ಮುಖ್ಯ.

ಈ ಉದಾಹರಣೆಗಳನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನ್ನ ವಾದ ಸರಳವಾಗಿದೆ. ಅಸಿಟೈಲ್ ಗುಂಪಿಗೆ ತನ್ನದೇ ಆದ ಒಂದು ಅರ್ಥವಿಲ್ಲ. ಪಿ300ರ ಕುಣಿಕೆಯಲ್ಲಿ ಅದು ತಡೆ ನಿವಾರಿಸುತ್ತದೆ, ಎಚ್‌ಡ್ಯಾಕ್1ರಲ್ಲಿ ಶಕ್ತಿ ಕುಂದಿಸುತ್ತದೆ, ಸ್ನಫ್2ರಲ್ಲಿ ಹಿಡಿತ ಬದಲಿಸುತ್ತದೆ. ಯಾವ ಪ್ರೋಟೀನಿನ ಯಾವ ಲೈಸೀನ್, ಅದರ ಸುತ್ತ ಏನಿದೆ ಎಂಬುದನ್ನು ಹೇಳದೆ 'ಅಸಿಟೈಲೀಕರಣ ಹೆಚ್ಚಾಯಿತು' ಎಂದಷ್ಟೇ ಬರೆದ ವಾಕ್ಯ ಏನನ್ನೂ ಹೇಳಿದಂತಾಗುವುದಿಲ್ಲ.

ಗೇರುಬೀಜದ ಸೊನೆ, ಮುರುಗಲ ಸಿಪ್ಪೆ

ಈ ವಿಷಯಕ್ಕೂ ನಮ್ಮ ಕರಾವಳಿ-ಮಲೆನಾಡಿಗೂ ಇರುವ ನಂಟು ನನಗೆ ತಿಳಿದದ್ದು ಪ್ರಬಂಧಗಳನ್ನು ಓದುತ್ತಾ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ಗುಂಪು 2003ರಲ್ಲಿ, ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300 ಕಿಣ್ವವನ್ನು ತಡೆಯುತ್ತದೆ ಎಂದು ಪ್ರಕಟಿಸಿತು. ಅದನ್ನು ಓದಿದೊಡನೆ ಬೇಸಿಗೆ ರಜೆಯ ಅಜ್ಜಿಮನೆಯ ಅಂಗಳ ಕಣ್ಣ ಮುಂದೆ ಬಂತು. ಒಣ ಸೊಪ್ಪು ಗುಡ್ಡೆ ಹಾಕಿ ಗೇರುಬೀಜ ಸುಡುವಾಗ ಸಿಪ್ಪೆಯಿಂದ ಎಣ್ಣೆ ಸಿಡಿದು ಬೆಂಕಿ ಭಗ್ಗೆಂದು ಏಳುತ್ತಿತ್ತು. ಸುಟ್ಟ ಬೀಜವನ್ನು ಕಲ್ಲಿನ ಮೇಲಿಟ್ಟು ಒಡೆಯಲು ನಾವು ಮಕ್ಕಳು ನುಗ್ಗಿದರೆ, "ಸೊನೆ ತಾಗಿದ್ರೆ ಕೈ ಬೊಬ್ಬೆ ಏಳ್ತದೆ ಮಗಾ, ಮೊದಲು ತೆಂಗಿನೆಣ್ಣೆ ಹಚ್ಕೊಳ್ಳಿ" ಎಂದು ಅಜ್ಜಿ ತಡೆಯುತ್ತಿದ್ದಳು. ಚರ್ಮವನ್ನು ಹಾಗೆ ಸುಡುವ ಆ ಎಣ್ಣೆಯ ಮುಖ್ಯ ಅಂಶಗಳಲ್ಲಿ ಅನಕಾರ್ಡಿಕ್ ಆಮ್ಲವೂ ಒಂದು. ಇನ್ನೂ ಕುತೂಹಲದ ಸಂಗತಿಯೆಂದರೆ, ಅದೇ ಆಮ್ಲದ ರಚನೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಅದೇ ಗುಂಪು ತಯಾರಿಸಿದ ಸಿಟಿಪಿಬಿ ಎಂಬ ಅಣು ಪಿ300 ಅನ್ನು ತಡೆಯುವ ಬದಲು ಚುರುಕುಗೊಳಿಸಿತು. 2004ರಲ್ಲಿ ಅಲ್ಲಿಂದಲೇ ಎರಡು ವರದಿಗಳು ಬಂದವು: ಮುರುಗಲ ಹಣ್ಣಿನ ಸಿಪ್ಪೆಯ ಗಾರ್ಸಿನಾಲ್, ಅರಿಶಿನದ ಕರ್ಕ್ಯುಮಿನ್, ಎರಡೂ ಅಸಿಟೈಲ್ ಹಾಕುವ ಕಿಣ್ವಗಳನ್ನು ತಡೆಯುತ್ತವೆ ಎಂದು. ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣಕ್ಕೆ ಇಳಿದರೆ ಪುನರ್ಪುಳಿ ಎಂದು ಕರೆದು ನಾವು ಸಾರು, ಶರಬತ್ತು ಮಾಡುವ ಹಣ್ಣು ಅದು.

ಇಂಥ ಸುದ್ದಿ ಹೊರಬಿದ್ದೊಡನೆ ಅರಿಶಿನ ತಿಂದರೆ ಕ್ಯಾನ್ಸರ್ ಬರುವುದಿಲ್ಲ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಅದು ಅನ್ಯಾಯ, ರೋಗಿಗಳಿಗೂ ವಿಜ್ಞಾನಕ್ಕೂ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಸಿಕ್ಕ ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಂಡು ಪ್ರಯೋಗಗಳ ದಾರಿ ತಪ್ಪಿಸುವ ಗುಣವೂ ಅದಕ್ಕಿದೆ. ಈ ಅಣುಗಳ ನಿಜವಾದ ಬೆಲೆ ಇರುವುದು ಕಿಣ್ವವನ್ನು ಅರಿಯುವ ಸಲಕರಣೆಗಳಾಗಿ. 2010ರಲ್ಲಿ ಕುಂಡು ಅವರ ಗುಂಪು ಬಾಯಿ ಕ್ಯಾನ್ಸರಿನ ಬಗ್ಗೆ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತಮ ನಿದರ್ಶನ. ತಂಬಾಕು, ಗುಟ್ಕಾಗಳ ನಮ್ಮ ದೇಶದಲ್ಲಿ ಈ ರೋಗದ ಹೊರೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಬಹುಪಾಲು ಕ್ಯಾನ್ಸರುಗಳಿಗಿಂತ ಭಿನ್ನವಾಗಿ, ಬಾಯಿ ಕ್ಯಾನ್ಸರ್ ರೋಗಿಗಳ ಮಾದರಿಗಳಲ್ಲಿ ಹಿಸ್ಟೋನುಗಳ ಮೇಲೆ ಅಸಿಟೈಲ್ ವಿಪರೀತ ಹೆಚ್ಚಿರುವುದನ್ನು ಅವರು ಕಂಡರು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಪಿ300. ಅದರ ಪ್ರಮಾಣವೂ ಹೆಚ್ಚಿತ್ತು, ಅದರ ಮೇಲಿನ ಸ್ವ-ಅಸಿಟೈಲೀಕರಣವೂ, ಅಂದರೆ ಪಿ300 ಅಣುಗಳು ಪರಸ್ಪರ ಹಾಕಿಕೊಂಡ ಅಸಿಟೈಲ್ ಕೂಡ, ಹೆಚ್ಚಿತ್ತು. ನೈಟ್ರಿಕ್ ಆಕ್ಸೈಡಿನ ಸಂಕೇತಕ್ಕೆ ಒಳಪಟ್ಟು, ಎನ್‌ಪಿಎಂ1 ಮತ್ತು ಜಿಎಪಿಡಿಎಚ್ ಎಂಬ ಎರಡು ಪ್ರೋಟೀನುಗಳು ಪಿ300 ಅನ್ನು ಹೀಗೆ ಕೆರಳಿಸುತ್ತಿದ್ದವು. ಎನ್‌ಪಿಎಂ1 ಹಿಸ್ಟೋನುಗಳನ್ನು ಹೊತ್ತು ಸಾಗಿಸುವ ಪ್ರೋಟೀನ್. ಅದಕ್ಕೂ ಪಿ300 ಅಸಿಟೈಲ್ ಹಾಕುತ್ತದೆ ಎಂದು ಅದೇ ಗುಂಪು 2005ರಲ್ಲೇ ತೋರಿಸಿತ್ತು. ಜಿಎಪಿಡಿಎಚ್ ಅಂತೂ ಗ್ಲೂಕೋಸ್ ಒಡೆಯುವ ದಾರಿಯಲ್ಲಿ ನಾವು ಪಿಯುಸಿಯಲ್ಲೇ ಬಾಯಿಪಾಠ ಮಾಡಿದ ಕಿಣ್ವ. ಕರ್ಕ್ಯುಮಿನ್‌ನಿಂದ ತಯಾರಿಸಿದ, ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ಅಣುವಿನಿಂದ ಪಿ300 ಅನ್ನು ತಡೆದಾಗ, ಇಲಿಗಳಲ್ಲಿ ಬೆಳೆಸಿದ ಬಾಯಿ ಗಡ್ಡೆಗಳ ಬೆಳವಣಿಗೆ ಗಣನೀಯವಾಗಿ ಕುಗ್ಗಿತು. ನಾವು ಚಿತ್ರ ತಯಾರಿಸುವಾಗ ಕತ್ತರಿಸುತ್ತಿದ್ದ ಆ ಮೇಲಂಚಿನ ಪಟ್ಟಿ ಇಲ್ಲಿ ರೋಗದ ಕಾರಣದ ನಡುಮಧ್ಯದಲ್ಲಿದೆ.

ಎಷ್ಟು ಎಂಬ ಪ್ರಶ್ನೆ

2009ರಲ್ಲಿ ಚುನಾರಾಮ್ ಚೌಧರಿ, ಮಥಿಯಾಸ್ ಮನ್ ಮತ್ತು ಸಂಗಡಿಗರು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಬಳಸಿ ಮಾನವ ಕೋಶಗಳ ಸುಮಾರು 1750 ಪ್ರೋಟೀನುಗಳಲ್ಲಿ 3600 ಅಸಿಟೈಲೀಕರಣದ ಜಾಗಗಳನ್ನು ಪಟ್ಟಿ ಮಾಡಿದಾಗ, ಇದು ಹಿಸ್ಟೋನಿಗೆ ಸೀಮಿತವಾದ ಸಂಗತಿಯಲ್ಲ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದರ ಪರಿಣಾಮ ಔಷಧಗಳ ಬಗೆಗಿನ ತಿಳಿವಳಿಕೆಗೂ ತಟ್ಟಬೇಕಿತ್ತು. ಚರ್ಮದ ಟಿ-ಕೋಶ ಲಿಂಫೋಮಾ ಎಂಬ ಕ್ಯಾನ್ಸರಿಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೋರಿನೋಸ್ಟಾಟ್ ಡಿಅಸಿಟೈಲೇಸ್‌ಗಳನ್ನು ತಡೆಯುವ ಔಷಧ. ಅದು ಕ್ರೊಮ್ಯಾಟಿನ್ ತೆರೆದು ಮೌನವಾಗಿದ್ದ ಜೀನುಗಳನ್ನು ಎಬ್ಬಿಸುತ್ತದೆ ಎಂದು ಪಠ್ಯಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಆದರೆ ಡಿಅಸಿಟೈಲೇಸ್‌ಗಳನ್ನು ತಡೆದರೆ ಪಿ300ರ ಮೇಲಿನ ಅಸಿಟೈಲ್ ಕೂಡ ಹೆಚ್ಚುತ್ತದೆ, ಪಿ53ರ ಮೇಲಿನದೂ ಹೆಚ್ಚುತ್ತದೆ. ರೋಗಿಯ ದೇಹದಲ್ಲಿ ಕೆಲಸ ಮಾಡಿದ್ದು ಇವುಗಳಲ್ಲಿ ಯಾವುದು ಎಂಬುದನ್ನು ಹಿಸ್ಟೋನಿನ ಪಟ್ಟಿ ದಟ್ಟವಾಗಿದೆ ಎಂಬ ಒಂದೇ ಕಾರಣಕ್ಕೆ ತೀರ್ಮಾನಿಸಲಾಗದು.

ಹಾಗೆಂದು ಪಟ್ಟಿಯಲ್ಲಿರುವ ಪ್ರತಿ ಜಾಗಕ್ಕೂ ಒಂದು ನಿಯಂತ್ರಣದ ಕಥೆ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ಒಂದು ಲೈಸೀನನ್ನು ಅಸಿಟೈಲ್ ಸೇರಲಾಗದ ಆರ್ಜಿನೀನ್ ಎಂಬ ಅಮೈನೋ ಆಮ್ಲಕ್ಕೆ ಬದಲಿಸುವುದು, ಅಥವಾ ಅಸಿಟೈಲ್ ಹೊತ್ತಂತೆ ತೋರುವ ಗ್ಲುಟಮೀನಿಗೆ ಬದಲಿಸುವುದು, ಬಳಿಕ ಕಿಣ್ವದ ಚಟುವಟಿಕೆ ಏರಿತು ಅಥವಾ ಇಳಿಯಿತು ಎಂದು ಬರೆಯುವುದು ಈ ಕ್ಷೇತ್ರದ ರೂಢಿ. ಗ್ಲುಟಮೀನ್ ಧನಾವೇಶವಿಲ್ಲದ ಸ್ಥಿತಿಯನ್ನು ಅನುಕರಿಸುತ್ತದೆ, ನಿಜ. ಆದರೆ ಬ್ರೋಮೊಡೊಮೈನ್ ಅದನ್ನು ಅಸಿಟೈಲ್ ಲೈಸೀನ್ ಎಂದು ಓದಲಾರದು. ಸ್ನಫ್2ರಂಥ ಕಡೆ ಆ ಅನುಕರಣೆಯಿಂದ ಬಂದ ಫಲಿತಾಂಶವನ್ನು ಬಹಳ ಎಚ್ಚರದಿಂದ ನೋಡಬೇಕು. ಅದಕ್ಕಿಂತ ಮೂಲಭೂತವಾದ ಪ್ರಶ್ನೆ ಇನ್ನೊಂದಿದೆ: ಕೋಶದಲ್ಲಿರುವ ಆ ಪ್ರೋಟೀನಿನ ಅಣುಗಳಲ್ಲಿ ಎಷ್ಟು ಪಾಲು ನಿಜಕ್ಕೂ ಅಸಿಟೈಲ್ ಹೊತ್ತಿವೆ? ನೂರರಲ್ಲಿ ಒಂದಕ್ಕೆ ಮಾತ್ರ ಗುರುತು ಬಿದ್ದು, ಆ ಗುರುತಿನ ಪರಿಣಾಮ ಕಿಣ್ವದ ಶಕ್ತಿ ಕುಂದಿಸುವುದಾಗಿದ್ದರೆ, ಉಳಿದ ತೊಂಬತ್ತೊಂಬತ್ತು ಎಂದಿನಂತೆ ದುಡಿಯುತ್ತಲೇ ಇರುತ್ತವೆ, ಕೋಶಕ್ಕೆ ವ್ಯತ್ಯಾಸವೇ ತಿಳಿಯದು. ಶಕ್ತಿ ಹೆಚ್ಚಿಸುವ ಗುರುತಾದರೆ ಲೆಕ್ಕ ಬೇರೆ. ಎಚ್ಚೆತ್ತ ಕೆಲವೇ ಅಣುಗಳು ಒಂದು ಜೀನಿನ ಬಳಿ ನೆರೆದರೂ ಸಾಕು.

ಚೌಧರಿ ಅವರ ಗುಂಪು ಮುಂದೆ, 2019ರಲ್ಲಿ, ಈ ಪಾಲನ್ನೇ ಸಾವಿರಾರು ಜಾಗಗಳಲ್ಲಿ ಅಳೆದು ಪ್ರಕಟಿಸಿತು. ಬಹುತೇಕ ಜಾಗಗಳಲ್ಲಿ ಅದು ಶೇಕಡಾ 1ಕ್ಕಿಂತ ಬಹಳ ಕಡಿಮೆ. ಗಮನಾರ್ಹ ಪಾಲು ಕಂಡುಬಂದ ಕೆಲವೇ ಜಾಗಗಳು ಎಲ್ಲೆಲ್ಲೋ ಚದುರಿರಲಿಲ್ಲ. ಅವು ಹೆಚ್ಚಾಗಿ ಇದ್ದದ್ದು ಕೋಶಕೇಂದ್ರದಲ್ಲಿ ಪ್ರತಿಲೇಖನಕ್ಕೆ ಸಂಬಂಧಿಸಿದ ಪ್ರೋಟೀನುಗಳ ಮೇಲೆ ಮತ್ತು ಅಸಿಟೈಲ್ ಹಾಕುವ ಕಿಣ್ವಗಳ ಮೇಲೆಯೇ. ಎಚ್‌ಡ್ಯಾಕ್1, ಸುವ್39ಎಚ್1ರಂಥ ಕಿಣ್ವಗಳ ಪಾಠ ಹೇಳುವಾಗ ಈಗ ನಾನು ಮೊದಲು ಕೇಳುವ ಪ್ರಶ್ನೆ ಈ ಪಾಲಿನದು: ಇಡೀ ಕೋಶದಲ್ಲಿ ಎಷ್ಟು, ಮತ್ತು ಆ ನಿರ್ದಿಷ್ಟ ಜೀನಿನ ಬಳಿ ಸೇರಿದ ಅಣುಗಳಲ್ಲಿ ಎಷ್ಟು. ಎರಡನೆಯದನ್ನು ಅಳೆಯುವುದು ಮೊದಲನೆಯದಕ್ಕಿಂತ ಬಹಳ ಕಷ್ಟ, ಏಕೆಂದರೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುವ ಮೊದಲು ನಾವು ಕೋಶಗಳನ್ನೆಲ್ಲ ಒಡೆದು ಒಂದೇ ದ್ರಾವಣ ಮಾಡಿರುತ್ತೇವೆ, ಯಾವ ಅಣು ಯಾವ ಜೀನಿನ ಬಳಿ ಇತ್ತು ಎಂಬ ಮಾಹಿತಿ ಅಲ್ಲಿಗೆ ಅಳಿಸಿಹೋಗಿರುತ್ತದೆ.